ಖಾಲಿ ಹುದ್ದೆಯ ಕುರ್ಚಿಯಲ್ಲಿ ರೋಗಿ ಕುಳಿತ ಬಗ್ಗೆ

ಸಂಖ್ಯೆ: ಪೀಠೋಪ/ಖಾ.ಹು./ಕುರ್ಚಿ-೧/೮೨-೮೩
ದಿನಾಂಕ: ೨೧ ಫೆಬ್ರವರಿ ೧೯೮೩

ಸುತ್ತೋಲೆ

ವಿಷಯ: ಗ್ರಾಮಾಂತರ ಆರೋಗ್ಯ ಘಟಕಗಳಲ್ಲಿ ಖಾಲಿ ಇರುವ ವೈದ್ಯಾಧಿಕಾರಿ ಹುದ್ದೆಗಳ ಕುರ್ಚಿಗಳಲ್ಲಿ ರೋಗಿಗಳು ಕುಳಿತುಕೊಳ್ಳುತ್ತಿರುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ: ೧) ಬೊಳ್ಳಾಜೆಪದವು ಘಟಕದ ದಾಸ್ತಾನು ತಪಾಸಣಾ ವರದಿ, ಪುಟ ೪ (“ಕುರ್ಚಿ ಒಂದು, ಕೈ ಒಂದು”).
೨) ವಿಚಾರಣಾಧಿಕಾರಿಯವರ ವರದಿ, ಅದರ ಕೊನೆಯ ಕಂಡಿಕೆಯನ್ನು ಹೊರತುಪಡಿಸಿ.
೩) ವೈದ್ಯರನ್ನು ಕೋರಿ ಸದರಿ ಘಟಕದಿಂದ ಬಂದ ಹದಿನೇಳು ಪತ್ರಗಳು (ಕಡತದಲ್ಲಿ ಲಭ್ಯವಿಲ್ಲ).

೧. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಗ್ರಾಮಾಂತರ ಘಟಕಗಳ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ಬೆಳ್ತಂಗಡಿ ತಾಲೂಕಿನ ಬೊಳ್ಳಾಜೆಪದವು ಆರೋಗ್ಯ ಘಟಕದಲ್ಲಿ ಸರಕಾರಿ ಕುರ್ಚಿಯೊಂದನ್ನು ಜೀವ ಉಳಿಸುವ ಉದ್ದೇಶಕ್ಕೆ ಬಳಸಿಕೊಂಡ ಪ್ರಕರಣವು ಇಲಾಖೆಯ ಅವಗಾಹನೆಗೆ ಬಂದಿದೆ. ಈ ಪ್ರವೃತ್ತಿ ಇತರ ಘಟಕಗಳಿಗೂ ಹರಡುವ ಸಂಭವವಿರುವುದರಿಂದ, ಸಿಬ್ಬಂದಿ ಪಾಠ ಕಲಿಯಲೆಂದು ನಡೆದದ್ದನ್ನು ನಡೆದ ಹಾಗೆಯೇ ಕೆಳಗೆ ಕೊಡಲಾಗಿದೆ. ಆಪಾದಿತ ನೌಕರಳು ತನ್ನ ಹೇಳಿಕೆಯಲ್ಲಿ ಏನನ್ನೂ ಮುಚ್ಚಿಟ್ಟಿಲ್ಲವಾದ್ದರಿಂದ ಇಲಾಖೆಗೆ ಊಹಿಸುವ ಶ್ರಮ ಬಿದ್ದಿಲ್ಲ.

೨. ಸದರಿ ನೌಕರಳ ಹೆಸರು ಪದ್ಮಾಕ್ಷಿ. ಹುದ್ದೆ, ದಾದಿ ಮತ್ತು ಸೂಲಗಿತ್ತಿ. ಊರವರು ಆಕೆಯನ್ನು ಬಾಯಮ್ಮ ಎಂದು ಕರೆಯುತ್ತಾರೆ. ಈ ಕರೆಗೆ ಇಲಾಖೆಯ ಮಂಜೂರಾತಿ ಇರುವುದಿಲ್ಲ. ಮಿಜಾರಿನವಳು, ವಯಸ್ಸು ಮೂವತ್ತಾರು. ೧೯೭೬ರಲ್ಲಿ ಘಟಕ ತೆರೆದ ದಿನ ಬೀಗದ ಕೈ ಆಕೆಯ ಕೈಗೆ ಬಂತು, ಇವತ್ತಿಗೂ ಆಕೆಯ ಸೊಂಟದಲ್ಲೇ ಇದೆ. ಘಟಕಕ್ಕೆ ಮಂಜೂರಾದ ಹುದ್ದೆಗಳು ಐದು: ವೈದ್ಯರು, ಕಂಪೌಂಡರ್, ದಾದಿ, ಆಯಾ, ಜವಾನ. ಇರುವವರು ಇಬ್ಬರು, ಪದ್ಮಾಕ್ಷಿ ಮತ್ತು ಜವಾನ ನೋಣಯ್ಯ. ಉಳಿದ ಮೂವರ ಕೆಲಸವನ್ನೂ ಇವರಿಬ್ಬರೇ ಹಂಚಿಕೊಂಡು ಮಾಡುತ್ತಿರುವುದರಿಂದ ಆ ಹುದ್ದೆಗಳನ್ನು ತುಂಬುವ ಅಗತ್ಯ ಇಲಾಖೆಗೆ ಕಂಡುಬಂದಿರುವುದಿಲ್ಲ.

೩. ಇನ್ನು ಕುರ್ಚಿಯ ವಿಚಾರ. ಸಾಗುವಾನಿ ಮರದ್ದು, ಬೆತ್ತದ ಆಸನ, ಎರಡು ಕೈ. ಘಟಕಕ್ಕೆ ಔಷಧ ಬರುವ ಐದು ತಿಂಗಳು ಮೊದಲೇ ಬಂದಿತ್ತು. ಅದರಲ್ಲಿ ಕುಳಿತುಕೊಳ್ಳಲು ಇಲ್ಲಿಯವರೆಗೆ ನಾಲ್ವರು ವೈದ್ಯರನ್ನು ನೇಮಿಸಲಾಗಿದೆ. ಮೊದಲನೆಯವರು ಬಸ್ಸಿಳಿದು, ಗುಡ್ಡ ಹತ್ತಿ, ಜಗಲಿಯಲ್ಲಿ ನಿಂತುಕೊಂಡೇ ಒಂದು ಎಳನೀರು ಕುಡಿದು, ಅದೇ ಬಸ್ಸು ಹಿಂದೆ ಬರುವಾಗ ಹೊರಟುಹೋದರು. ಉಳಿದ ಮೂವರು ಅಷ್ಟು ತೊಂದರೆಯನ್ನೂ ತೆಗೆದುಕೊಳ್ಳದೆ, ಜಿಲ್ಲಾ ಕಚೇರಿಯಲ್ಲೇ ಬೆಳಗ್ಗೆ ಅಧಿಕಾರ ವಹಿಸಿಕೊಂಡು ಮಧ್ಯಾಹ್ನ ರಜೆಗೆ ಅರ್ಜಿ ಕೊಟ್ಟರು. ತಪಾಸಣೆಗೆ ಯಾರಾದರೂ ಬಂದಾರು ಎಂದು ಪದ್ಮಾಕ್ಷಿ ದಿನಾ ಬೆಳಗ್ಗೆ ಆ ಕುರ್ಚಿಯ ಧೂಳು ಒರೆಸಿ, ತಾನು ಮಾತ್ರ ಪಕ್ಕದ ಸ್ಟೂಲಿನ ಮೇಲೆ ಕುಳಿತು ಚೀಟಿ ಬರೆಯುತ್ತಿದ್ದಳು. ಆರು ವರ್ಷ ಆಕೆ ಆ ಕುರ್ಚಿಯಲ್ಲಿ ಒಮ್ಮೆಯೂ ಕುಳಿತವಳಲ್ಲ. ಈ ಅಂಶವನ್ನು ಇಲಾಖೆ ಮೆಚ್ಚುಗೆಯಿಂದ ಗಮನಿಸಿದೆ.

೪. ದಿನಾಂಕ ೧೨ ಮಾರ್ಚ್ ೧೯೮೨, ಶುಕ್ರವಾರ. ಮೇಲಿನ ಗುಡ್ಡದಿಂದ ಸೇಸಮ್ಮ ಎಂಬ ಬೀಡಿ ಕಟ್ಟುವ ಹೆಂಗಸು, ಗಂಡ ರುಕ್ಮಯ್ಯ ಮತ್ತು ಅತ್ತೆ ಪೂವಮ್ಮನ ಜೊತೆ ನೋವು ತಿನ್ನುತ್ತಾ ನಡೆದುಕೊಂಡೇ ಘಟಕಕ್ಕೆ ಬಂದಳು. ಹನ್ನೊಂದೂವರೆಗೆ ಹೆರಿಗೆಯಾಯಿತು. ಗಂಡು ಮಗು, ಅತ್ತ ಧ್ವನಿಗೆ ಜಗಲಿಯಲ್ಲಿದ್ದ ನೋಣಯ್ಯ ನಕ್ಕುಬಿಟ್ಟ. ಕಸವೂ (ಮಾಸು) ಬಿತ್ತು. ಪದ್ಮಾಕ್ಷಿ ಕೈ ತೊಳೆಯಲು ಎದ್ದವಳು ತಿರುಗಿ ನೋಡುತ್ತಾಳೆ, ಹಾಸಿದ ಬಟ್ಟೆ ಒದ್ದೆ. ಬದಲಿಸಿದಳು. ಅದೂ ಒದ್ದೆ. ರಕ್ತ ನಿಲ್ಲಿಸುವ ಚುಚ್ಚುಮದ್ದು ಪೆಟ್ಟಿಗೆಯಲ್ಲಿ ಒಂದೇ ಒಂದು ಉಳಿದಿತ್ತು, ಕೊಟ್ಟಳು. ಹೊಟ್ಟೆಯ ಮೇಲಿನಿಂದ ಗರ್ಭಕೋಶವನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದಾಗ ರಕ್ತ ಕಡಿಮೆಯಾಗುತ್ತಿತ್ತು, ಕೈ ತೆಗೆದರೆ ಮತ್ತೆ ಹರಿಯುತ್ತಿತ್ತು. ಹತ್ತು ನಿಮಿಷ ಹಾಗೇ ಹಿಡಿದು ನೋಡಿದಳು. ತನ್ನ ಕೈ ಇರುವಷ್ಟು ಹೊತ್ತು ಮಾತ್ರ ಈ ಹೆಂಗಸು ಬದುಕಿರುತ್ತಾಳೆ ಎಂದು ಆಗ ಗೊತ್ತಾಯಿತು ಎಂಬುದಾಗಿ ಆಕೆಯ ಹೇಳಿಕೆ.

೫. ಘಟಕದಿಂದ ಟಾರು ರಸ್ತೆಗೆ ಎರಡೂವರೆ ಕಿಲೋಮೀಟರ್ ಕಾಲುದಾರಿ, ನಡುವೆ ಹಳ್ಳ ದಾಟಲು ಒಂದು ಮರದ ಸಂಕ. ಇಲಾಖೆಯ ಜೀಪು ಆ ವಾರವೆಲ್ಲ ಕುಟುಂಬ ಯೋಜನೆಯ ಶಿಬಿರದಲ್ಲಿತ್ತು. ರೋಗಿಯನ್ನು ಒಯ್ಯುವ ಸ್ಟ್ರೆಚರ್ ಬೇಕೆಂದು ಪದ್ಮಾಕ್ಷಿ ಒಂಬತ್ತು ಸಲ ಬೇಡಿಕೆ ಸಲ್ಲಿಸಿದ್ದು ನಿಜ. ಸ್ಟ್ರೆಚರನ್ನು ವೈದ್ಯರ ಆದೇಶದ ಮೇರೆಗೆ ಮಾತ್ರ ಎತ್ತತಕ್ಕದ್ದಾದ್ದರಿಂದ, ವೈದ್ಯರಿಲ್ಲದ ಘಟಕಕ್ಕೆ ಅದನ್ನು ಒದಗಿಸುವ ಪ್ರಶ್ನೆಯೇ ಉದ್ಭವಿಸುವುದಿಲ್ಲವೆಂದು ಒಂಬತ್ತು ಸಲವೂ ತಪ್ಪದೆ ಉತ್ತರಿಸಲಾಗಿದೆ. ಕಂಬಳಿಯಲ್ಲಿ ಕಟ್ಟಿ ಹೊತ್ತೊಯ್ಯೋಣ ಎಂದ ರುಕ್ಮಯ್ಯ. ಆದರೆ ಕಂಬಳಿಯಲ್ಲಿ ಮೈ ಮುದುಡಿಕೊಳ್ಳುತ್ತದೆ, ಒತ್ತಿ ಹಿಡಿದ ಕೈಗೆ ಜಾಗ ಸಿಗುವುದಿಲ್ಲ.

೬. ಆ ನಂತರ ನಡೆದ ಮಾತುಕತೆ ತುಳುವಿನಲ್ಲಿದ್ದು, ಇಲಾಖೆಗೆ ತುಳು ಬಾರದ ಕಾರಣ ಕನ್ನಡದಲ್ಲಿ ದಾಖಲಿಸಲಾಗಿದೆ.

ಪದ್ಮಾಕ್ಷಿ: “ನೋಣಯ್ಯ, ಆ ಕುರ್ಚಿ ತನ್ನಿ.”

ನೋಣಯ್ಯ: “ಅದು ಡಾಕ್ಟ್ರದ್ದಲ್ವಾ ಬಾಯಮ್ಮ?”

ಪದ್ಮಾಕ್ಷಿ: “ಡಾಕ್ಟ್ರು ಬಂದು ಕೇಳಿದ್ರೆ ನಾನು ಉತ್ತರ ಹೇಳ್ತೇನೆ. ನೀವು ತನ್ನಿ.”

೭. ನೋಣಯ್ಯ ಕುರ್ಚಿ ತಂದ. ಅದರ ಕೈಗಳ ಕೆಳಗೆ ಎರಡು ಬಿದಿರು ತೂರಿಸಿ ಹಗ್ಗದಿಂದ ಬಿಗಿದರು. ಒಂದು ಬಿದಿರು ಪಕ್ಕದ ಹಿತ್ತಿಲ ಬೇಲಿಯದು. ಇನ್ನೊಂದು ಘಟಕದ ಧ್ವಜದ ಕೋಲು ಎಂಬುದು ತನಿಖೆಯಿಂದ ತಿಳಿದುಬಂದಿದ್ದು, ಆ ಬಗ್ಗೆ ಪ್ರತ್ಯೇಕ ಕಡತ ತೆರೆಯಲಾಗಿದೆ. ಸೇಸಮ್ಮನನ್ನು ಕೂರಿಸಿ, ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಕಾಲು ಮೇಲಾಗುವಂತೆ ಕಟ್ಟಿದರು. ರುಕ್ಮಯ್ಯ, ನೋಣಯ್ಯ, ಹತ್ತಿರದಲ್ಲಿ ಕೆಂಪು ಕಲ್ಲು ಕಡಿಯುತ್ತಿದ್ದ ಇಬ್ಬರು ಆಳುಗಳು ಹೆಗಲು ಕೊಟ್ಟರು. ಮಗುವನ್ನು ಸೆರಗಿನಲ್ಲಿ ಕಟ್ಟಿಕೊಂಡು ಪೂವಮ್ಮ ಹಿಂದಿನಿಂದ ಬಂದಳು. ಪದ್ಮಾಕ್ಷಿ ಕುರ್ಚಿಯ ಪಕ್ಕದಲ್ಲಿ, ಒಂದು ಮುಷ್ಟಿಯನ್ನು ಸೇಸಮ್ಮನ ಹೊಟ್ಟೆಗೆ ಒತ್ತಿ, ಅಡ್ಡಡ್ಡ ಹೆಜ್ಜೆ ಹಾಕುತ್ತಾ ನಡೆದಳು. ಸಂಕದ ಮೇಲೆ ಕುರ್ಚಿಯ ಪಕ್ಕದಲ್ಲಿ ನಡೆಯಲು ಜಾಗವಿರಲಿಲ್ಲ, ಹೊತ್ತವರು ಕುರ್ಚಿಯನ್ನು ಹೆಗಲಿನಿಂದ ಕೈಗಿಳಿಸಿದರು. ಅಲ್ಲಿ ಆಕೆ ಸೀರೆ ಎತ್ತಿ ಕಟ್ಟಿ ತೋಡಿಗಿಳಿದು, ಸೊಂಟದ ಮಟ್ಟದ ನೀರಿನಲ್ಲಿ ಕೈಯನ್ನು ಮೇಲಕ್ಕೆ ಚಾಚಿ ಹಿಡಿದುಕೊಂಡೇ ದಾಟಿದಳು. ಸರಕಾರಿ ಸಮವಸ್ತ್ರ ಒದ್ದೆಯಾದ ಬಗ್ಗೆ ಆಕೆ ಕ್ಷಮೆ ಕೋರಿಲ್ಲ.

೮. ರಸ್ತೆಗೆ ಬಂದಾಗ ಬಸ್ಸು ಹೋಗಿ ಕಾಲು ಗಂಟೆಯಾಗಿತ್ತು. ಮಡಂತ್ಯಾರು ಕಡೆಯಿಂದ ಅಬ್ದುಲ್ ಸಮದ್ ಎಂಬವರ ವ್ಯಾನು ಬಂತು. ಊರೂರಿಂದ ಬೀಡಿ ಒಟ್ಟು ಮಾಡಿ ಒಯ್ಯುವ ವ್ಯಾನು. ಅದರಲ್ಲಿ ಸೇಸಮ್ಮ ಕಟ್ಟಿದ ಬೀಡಿಯೂ ಇತ್ತು. ಪದ್ಮಾಕ್ಷಿ ರಸ್ತೆಯ ನಡುವೆ ನಿಂತಳು. ಸಮದ್ ವ್ಯಾನು ನಿಲ್ಲಿಸಿ ಇಳಿದರು. ಬೀಡಿಯ ಮೂಟೆಗಳನ್ನು ಇಳಿಸಿ, ಕಲ್ಲಿನ ಆಳುಗಳನ್ನು ಅದಕ್ಕೆ ಕಾವಲು ಕೂರಿಸಿ, ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. ಆಮೇಲೆ ಬಂಟ್ವಾಳದವರೆಗೆ ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ.

೯. ದಾರಿಯಲ್ಲಿ ಸೇಸಮ್ಮನ ಕಣ್ಣು ಮುಚ್ಚತೊಡಗಿತು. ತುಟಿ ಬಿಳಿಚಿತ್ತು. ಪದ್ಮಾಕ್ಷಿಗೆ ಕೈ ಮರಗಟ್ಟಿ, ಮುಷ್ಟಿ ತನ್ನದೋ ಬೇರೆಯವರದೋ ಎಂದು ತಿಳಿಯದಂತಾಗಿತ್ತು. ಇವಳು ನಿದ್ದೆ ಹೋದರೆ ಏಳಲಾರಳು ಎಂಬ ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಕೇಳಿದಳು.

“ಸೇಸಮ್ಮ, ಕಣ್ಣು ಬಿಡಿ. ನಿನ್ನೆ ಎಷ್ಟು ಬೀಡಿ ಕಟ್ಟಿದ್ರಿ?”

ಬಹಳ ಹೊತ್ತಿನ ಮೇಲೆ ಉತ್ತರ ಬಂತು. “ಎಂಟುನೂರು. ಸಾವಿರ ಆಗ್ಲಿಕ್ಕೆ ಇನ್ನೂ ಇನ್ನೂರು ಉಂಟು.”

“ಹಾಗಾದ್ರೆ ಆ ಇನ್ನೂರು ಕಟ್ಲಿಕ್ಕೆ ಮನೆಗೆ ಹೋಗ್ಬೇಕಲ್ಲ. ಎಣಿಸಿ. ನನಗೆ ಕೇಳುವ ಹಾಗೆ ಎಣಿಸಿ.”

ಸೇಸಮ್ಮ ಎಣಿಸಿದಳು. ಎಂಟುನೂರ ಮೂವತ್ತೊಂದಕ್ಕೆ ಬಂಟ್ವಾಳದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯ ಬಾಗಿಲು ಬಂತು. ಅಲ್ಲಿನ ವೈದ್ಯೆ ಅನ್ನಪೂರ್ಣೇಶ್ವರಿ ಎಂಬವರು ಹೊರಗೆ ಓಡಿಬಂದು, ಪದ್ಮಾಕ್ಷಿಯ ಮುಷ್ಟಿಯ ಪಕ್ಕದಲ್ಲಿ ತಮ್ಮ ಕೈಯಿಟ್ಟು, ಇನ್ನು ಬಿಡಿ ಎಂದರು. ಬಿಡಲು ಆಕೆಗೆ ಆಗಲಿಲ್ಲ. ಬೆರಳುಗಳನ್ನು ನೋಣಯ್ಯ ಒಂದೊಂದಾಗಿ ಬಿಡಿಸಿದ. ಅವಸರದಲ್ಲಿ ಬಾಗಿಲು ದಾಟಿಸುವಾಗ ಕುರ್ಚಿಯ ಎಡಗೈ ದಾರಂದಕ್ಕೆ ತಾಗಿ ಮುರಿಯಿತು. ರಕ್ತ ಕುಡಿದ ಬೆತ್ತದ ಆಸನವನ್ನು ಆಸ್ಪತ್ರೆಯವರು ಕತ್ತರಿಸಿ ಸುಟ್ಟುಹಾಕಿದರು. ಸರಕಾರಕ್ಕೆ ಆದ ನಷ್ಟ ಇದಿಷ್ಟು. ರುಕ್ಮಯ್ಯ ಮತ್ತು ಸಮದ್ ತಲಾ ಒಂದು ಬಾಟಲಿ ರಕ್ತ ಕೊಟ್ಟರು. ಅದು ಸರಕಾರದ್ದಲ್ಲವಾದ್ದರಿಂದ ಇಲ್ಲಿ ಲೆಕ್ಕಕ್ಕಿಲ್ಲ. ಹದಿಮೂರನೆಯ ದಿನ ಸೇಸಮ್ಮ ಮಗುವನ್ನೆತ್ತಿಕೊಂಡು ಮನೆಗೆ ಹೋದಳು.

೧೦. ಕುರ್ಚಿ ಬೀಡಿಯ ವ್ಯಾನಿನಲ್ಲಿಯೇ ಘಟಕಕ್ಕೆ ಹಿಂದಿರುಗಿತು. ಬೆತ್ತ ಹೆಣೆಯಲು ಬಲ್ಲ ರುಕ್ಮಯ್ಯ ಕಾಡಿನಿಂದ ಬೆತ್ತ ತಂದು, ಸೀಳಿ, ಜಗಲಿಯಲ್ಲಿ ಎರಡು ದಿನ ಕುಳಿತು ಆಸನ ಹೆಣೆದುಕೊಟ್ಟ. ಹಳೆಯದಕ್ಕಿಂತ ಗಟ್ಟಿಯಾಗಿದೆ ಎಂದು ತಪಾಸಣಾ ವರದಿಯೇ ಹೇಳುತ್ತದೆ. ಆದರೆ ಸರಕಾರಿ ಹೆಣಿಗೆಯಲ್ಲಿ ಕಣ್ಣುಗಳು ಆರು ಮೂಲೆಯವು. ರುಕ್ಮಯ್ಯನದು ನಾಲ್ಕು ಮೂಲೆಯದು. ಆದ್ದರಿಂದ ಅದನ್ನು ಆಸನವೆಂದು ಪರಿಗಣಿಸಲಾಗಿಲ್ಲ.

೧೧. ವಿಚಾರಣೆಗೆ ಶ್ರೀ ಶಿವಸುಬ್ರಹ್ಮಣ್ಯ ಎಂಬ ಅಧಿಕಾರಿಯನ್ನು ನೇಮಿಸಲಾಯಿತು. ದಾಸ್ತಾನು ಎಣಿಸಿ ಹೋದ ಗುಮಾಸ್ತರನ್ನು ಬಿಟ್ಟರೆ, ಆರು ವರ್ಷಗಳಲ್ಲಿ ಬೊಳ್ಳಾಜೆಪದವಿನ ಗುಡ್ಡ ಹತ್ತಿ ಒಳಗೆ ಕಾಲಿಟ್ಟ ಮೊದಲ ಅಧಿಕಾರಿ ಇವರೇ. ಮೇಲಧಿಕಾರಿಯ ಲಿಖಿತ ಅನುಮತಿ ಪಡೆಯದೆ ಕುರ್ಚಿ ಎತ್ತಿದ್ದೇಕೆ ಎಂದು ಅವರು ಕೇಳಿದರು. ಪದ್ಮಾಕ್ಷಿ ಸ್ಟೂಲಿನಿಂದ ಎದ್ದು ನಿಂತು ಹೇಳಿದ್ದು ಹೀಗೆ:

“ಅನುಮತಿ ಕೊಡುವವರು ಆ ಕುರ್ಚಿಯಲ್ಲಿ ಕೂತಿರ್ಬೇಕಿತ್ತು ಸರ್. ಇಷ್ಟು ವರ್ಷದಲ್ಲಿ ಅದರಲ್ಲಿ ಕೂತದ್ದು ಸೇಸಮ್ಮ ಒಬ್ಬಳೇ.”

ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಬರೆದುಕೊಟ್ಟರೆ ಎಚ್ಚರಿಕೆ ನೀಡಿ ಕೈಬಿಡಲಾಗುವುದು, ಇಲ್ಲವಾದರೆ ಅಮಾನತು ಆಗಬಹುದು ಎಂದು ಅವರು ತಿಳಿಹೇಳಿದರು. ಮಿಜಾರಿನಲ್ಲಿ ಆಕೆಯ ಸಂಬಳವನ್ನೇ ನಂಬಿದ ತಾಯಿ ಇದ್ದಾರೆಂಬುದು ಅವರಿಗೂ ತಿಳಿದಿತ್ತು. ಪದ್ಮಾಕ್ಷಿ ಕಾಗದ ತೆಗೆದುಕೊಂಡು, ಕುರ್ಚಿ ಎತ್ತಿದ್ದು ನಿಜ, ಕೈ ಮುರಿದದ್ದು ನಿಜ, ಬಿದಿರು ಕಟ್ಟಿದ್ದು ನಿಜ ಎಂದೆಲ್ಲ ಬರೆದಳು. ಆ ಒಂದು ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟಳು.

“ಅದೊಂದು ಬರೀಲಿಕ್ಕೆ ಆಗುವುದಿಲ್ಲ ಸರ್. ಬರೆದ್ರೆ ಸುಳ್ಳಾಗ್ತದೆ.”

ವಿಚಾರಣಾಧಿಕಾರಿಯವರು ಆ ಕಾಗದವನ್ನು ಹಾಗೆಯೇ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಘಟಕಕ್ಕೆ ಒಬ್ಬ ವೈದ್ಯರು, ಒಂದು ಸ್ಟ್ರೆಚರ್ ಮತ್ತು ವರ್ಷವಿಡೀ ಸಾಕಾಗುವಷ್ಟು ಔಷಧವನ್ನು ಕೂಡಲೇ ಒದಗಿಸಬೇಕೆಂದು ಅವರು ವರದಿಯ ಕೊನೆಯ ಕಂಡಿಕೆಯಲ್ಲಿ ಬರೆದಿದ್ದಾರೆ. ವಿಚಾರಣೆಯ ವ್ಯಾಪ್ತಿ ಕುರ್ಚಿಗೆ ಮಾತ್ರ ಸೀಮಿತವಾದ್ದರಿಂದ ಸದರಿ ಕಂಡಿಕೆಯನ್ನು ಕತ್ತರಿಯಿಂದ ಬೇರ್ಪಡಿಸಲಾಗಿದೆ. ಶ್ರೀ ಶಿವಸುಬ್ರಹ್ಮಣ್ಯ ಅವರನ್ನು ಹಳೆಯ ಕಡತಗಳ ಕೋಣೆಗೆ ವರ್ಗಾಯಿಸಲಾಗಿದೆ.

೧೨. ಪದ್ಮಾಕ್ಷಿಯನ್ನು ಅಮಾನತು ಮಾಡಲು ಇಲಾಖೆ ತೀರ್ಮಾನಿಸಿತ್ತು. ಆದರೆ ಅಮಾನತಿನ ಆದೇಶವನ್ನು ಘಟಕದ ವೈದ್ಯಾಧಿಕಾರಿಯ ಮೂಲಕವೇ ಜಾರಿ ಮಾಡತಕ್ಕದ್ದೆಂದು ನಿಯಮವಿದ್ದು, ಸದರಿ ಹುದ್ದೆ ಖಾಲಿ ಇರುವ ಕಾರಣ ಆಕೆ ಕರ್ತವ್ಯದಲ್ಲಿ ಮುಂದುವರಿದಿದ್ದಾಳೆ. ವಾರ್ಷಿಕ ವೇತನ ಬಡ್ತಿಯನ್ನು ಮಾತ್ರ ತಡೆಹಿಡಿಯಲಾಗಿದೆ. ಅದಕ್ಕೆ ಯಾರ ಮೂಲಕವೂ ಹೋಗಬೇಕಾಗಿಲ್ಲ.

೧೩. ಮೇಲಿನ ಹಿನ್ನೆಲೆಯಲ್ಲಿ ಈ ಕೆಳಗಿನಂತೆ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ:

(ಅ) ಹುದ್ದೆ ಖಾಲಿ ಇರುವಾಗ ಕುರ್ಚಿಯನ್ನೇ ವೈದ್ಯಾಧಿಕಾರಿಯೆಂದು ಭಾವಿಸಿ ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸತಕ್ಕದ್ದು. ಬೆಳಗ್ಗೆ ಒಂಬತ್ತಕ್ಕೆ ಸಿಬ್ಬಂದಿ ಅದರ ಮುಂದೆ ನಿಂತು ಹಾಜರಾತಿ ಹಾಕತಕ್ಕದ್ದು. ಕುರ್ಚಿ ತನ್ನ ಜಾಗದಲ್ಲಿದ್ದಲ್ಲಿ ವೈದ್ಯಾಧಿಕಾರಿ ‘ಹಾಜರು’ ಎಂದೇ ಬರೆಯತಕ್ಕದ್ದು. ಇದರಿಂದ ಜಿಲ್ಲೆಯ ಖಾಲಿ ಹುದ್ದೆಗಳ ಸಂಖ್ಯೆ ಮಾರ್ಚ್ ಅಂತ್ಯದೊಳಗೆ ಸೊನ್ನೆಗೆ ಇಳಿಯುವುದೆಂದು ನಿರೀಕ್ಷಿಸಲಾಗಿದೆ.

(ಆ) ಕುರ್ಚಿಯನ್ನು ಮೇಜಿಗೆ ಸರಪಳಿಯಿಂದ ಬಿಗಿದು ಬೀಗ ಹಾಕತಕ್ಕದ್ದು. ಬೀಗದ ಕೈ ವೈದ್ಯಾಧಿಕಾರಿಯ ವಶದಲ್ಲಿರತಕ್ಕದ್ದು. ವೈದ್ಯಾಧಿಕಾರಿ ಇಲ್ಲದಲ್ಲಿ ಅದನ್ನು ಕುರ್ಚಿಯ ಮೇಲೆ ಇಡತಕ್ಕದ್ದು.

(ಇ) ರೋಗಿಯನ್ನು ಹೊತ್ತೊಯ್ಯುವ ಅಗತ್ಯ ಬಿದ್ದಲ್ಲಿ ವೈದ್ಯರ ಪ್ರಮಾಣಪತ್ರ ಕಡ್ಡಾಯ. ವೈದ್ಯರಿಲ್ಲದಿದ್ದಲ್ಲಿ, ವೈದ್ಯರಿಲ್ಲ ಎಂಬುದಕ್ಕೆ ವೈದ್ಯರಿಂದಲೇ ಪ್ರಮಾಣಪತ್ರ ಪಡೆದು ಲಗತ್ತಿಸತಕ್ಕದ್ದು.

(ಈ) ರಕ್ತಸ್ರಾವ, ಹಾವು ಕಡಿತ, ಮರದಿಂದ ಬೀಳುವಿಕೆ ಮುಂತಾದ ಆಕಸ್ಮಿಕಗಳ ಬಗ್ಗೆ ಸಾರ್ವಜನಿಕರು ಏಳು ದಿನ ಮುಂಚಿತವಾಗಿ ಮೂರು ಪ್ರತಿಗಳಲ್ಲಿ ತಿಳಿಸತಕ್ಕದ್ದು. ಆಕಸ್ಮಿಕವು ರಜಾದಿನದಂದು ಬಂದಲ್ಲಿ ಅದನ್ನು ಮರುದಿನಕ್ಕೆ ಮುಂದೂಡತಕ್ಕದ್ದು.

(ಉ) ವೈದ್ಯರಿಲ್ಲದ ಘಟಕಕ್ಕೆ ಅರ್ಧ ಔಷಧ ಸಾಕೆಂದು ಈಗಾಗಲೇ ತೀರ್ಮಾನಿಸಲಾಗಿದೆ. ಔಷಧ ಅರ್ಧವಾದರೆ ರೋಗಿಗಳು ಕಡಿಮೆಯಾಗುತ್ತಾರೆ. ರೋಗಿಗಳು ಕಡಿಮೆ ಇರುವ ಘಟಕಕ್ಕೆ ವೈದ್ಯರ ಅಗತ್ಯವಿರುವುದಿಲ್ಲ. ಇಷ್ಟಾದ ಮೇಲೂ ಬರುವವರನ್ನು ‘ಅನಧಿಕೃತ ರೋಗಿಗಳು’ ಎಂಬ ಪ್ರತ್ಯೇಕ ವಹಿಯಲ್ಲಿ, ಕೆಂಪು ಶಾಯಿಯಲ್ಲಿ, ನಮೂದಿಸತಕ್ಕದ್ದು. ಕೆಂಪು ಶಾಯಿಗೆ ಅನುದಾನ ಇರುವುದಿಲ್ಲ.

(ಊ) ಸೇಸಮ್ಮ ಎಂಬವಳು ವೈದ್ಯರ ಆದೇಶವಿಲ್ಲದೆ, ಮಂಜೂರಾಗದ ವಾಹನದಲ್ಲಿ, ದುರುಪಯೋಗವಾದ ಕುರ್ಚಿಯ ಮೂಲಕ ಬದುಕಿ ಉಳಿದಿರುವುದು ನಿಯಮಬಾಹಿರವಾಗಿರುತ್ತದೆ. ಸದರಿಯವಳು ಈ ಸುತ್ತೋಲೆ ತಲುಪಿದ ಮೂವತ್ತು ದಿನಗಳೊಳಗೆ ಸೂಕ್ತ ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ತಾನು ಬದುಕಿರುವುದಕ್ಕೆ ಘಟನೋತ್ತರ ಮಂಜೂರಾತಿ ಪಡೆದುಕೊಳ್ಳತಕ್ಕದ್ದು. ಅಲ್ಲಿಯವರೆಗೆ ಆಕೆಯ ಬದುಕನ್ನು ತಾತ್ಕಾಲಿಕವೆಂದು ಪರಿಗಣಿಸಲಾಗುವುದು.

೧೪. ಈ ಸೂಚನೆಗಳಿಂದ ರೋಗಿಗಳಿಗೆ ಆಗಬಹುದಾದ ತೊಂದರೆಗೆ ಆಯಾ ರೋಗಿಗಳೇ ಜವಾಬ್ದಾರರು.

ಸಹಿ/-
(ಓದಲಾಗುವುದಿಲ್ಲ)
ಉಪ ನಿರ್ದೇಶಕರು (ಪೀಠೋಪಕರಣ) ಇವರ ಪರವಾಗಿ,
ಸದರಿ ಹುದ್ದೆಯೂ ಖಾಲಿ ಇರುವುದರಿಂದ.

ಪ್ರತಿಗಳು:

೧) ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನ ಎಲ್ಲ ಘಟಕಗಳ ವೈದ್ಯಾಧಿಕಾರಿಗಳಿಗೆ, ಮಾಹಿತಿಗಾಗಿ. (ಹನ್ನೊಂದು ಪ್ರತಿಗಳಲ್ಲಿ ಒಂಬತ್ತು ‘ವಿಳಾಸದಾರರಿಲ್ಲ’ ಎಂಬ ಷರಾದೊಂದಿಗೆ ಹಿಂದಿರುಗಿವೆ.)

೨) ಶ್ರೀ ಅಬ್ದುಲ್ ಸಮದ್, ವ್ಯಾನು ಚಾಲಕರು, ಇವರಿಗೆ, ಅನಗತ್ಯವಾಗಿ ಹಾರ್ನು ಬಾರಿಸಿದ ಬಗ್ಗೆ ಸಮಜಾಯಿಷಿ ನೀಡಲು.

೩) ಶ್ರೀ ಶಿವಸುಬ್ರಹ್ಮಣ್ಯ, ಹಳೆಯ ಕಡತಗಳ ಕೋಣೆ, ಇವರಿಗೆ, ಹಳೆಯ ಕಡತದಲ್ಲಿಡಲು.

೪) ಶ್ರೀಮತಿ ಪೂವಮ್ಮ ಇವರಿಗೆ, ಸೊಸೆಗೆ ಓದಿ ಹೇಳಲು. (ಇಬ್ಬರಿಗೂ ಓದು ಬಾರದೆಂದು ತಿಳಿದುಬಂದಿದೆ.)

೫) ಕುಮಾರಿ ಪದ್ಮಾಕ್ಷಿ, ದಾದಿ, ಬೊಳ್ಳಾಜೆಪದವು ಇವರಿಗೆ, ಓದಿಕೊಂಡು ಸಹಿ ಮಾಡಿ ಒಂದು ಪ್ರತಿಯನ್ನು ಹಿಂದಿರುಗಿಸಲು. ನಂತರದ ಷರಾ: ಸದರಿ ಪ್ರತಿ ತಡವಾಗಿ ಹಿಂದಿರುಗಿದೆ. ಮುಂಬದಿಯಲ್ಲಿ ಸಹಿ ಇಲ್ಲ. ಹಿಂಬದಿಯಲ್ಲಿ, ಜನನ ನೋಂದಣಿಯ ನಮೂನೆ ಮುಗಿದಿರುವ ಕಾರಣ ಇದರಲ್ಲೇ ಬರೆದಿದ್ದೇನೆ ಎಂಬ ವಿವರಣೆಯೊಡನೆ, ಹೀಗೆ ಬರೆದಿದೆ: “ಹೆಣ್ಣು ಮಗು. ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ತೂಕ ಐದೂಮುಕ್ಕಾಲು ಪೌಂಡು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.” ಜನನದ ದಾಖಲೆಯನ್ನು ನಾಶಪಡಿಸುವಂತಿಲ್ಲವಾದುದರಿಂದ ಈ ಸುತ್ತೋಲೆಯನ್ನು ಬೊಳ್ಳಾಜೆಪದವಿಗೇ ಮರಳಿಸಿ ಅಲ್ಲಿ ಕಾಯಂ ದಾಖಲೆಯಾಗಿ ಇಟ್ಟುಕೊಳ್ಳದೆ ಗತ್ಯಂತರವಿಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ.